ಇದ್ ಎಂತಕ್ ಸತ್ತದ್? – ಕೂಕಟ್‌ಪಲ್ಲಿಯ ಫ್ಲ್ಯಾಟಿನಲ್ಲಿ ಒಂದು ಸಮುದ್ರದ ಮೀನು

(ನಮ್ಮ ಚಾನೆಲ್‌ನಲ್ಲಿ ಬಂದ ಮಾತಿನ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಿದ್ದೇವೆ.)



ನನ್ನ ಪರಿಚಯ ಚಿಕ್ಕದು. ಊರು ಕುಂದಾಪುರದ ಹತ್ತಿರ ಗಂಗೊಳ್ಳಿ. ಹನ್ನೊಂದು ವರ್ಷದಿಂದ ಹೈದರಾಬಾದಿನಲ್ಲಿದ್ದೇನೆ. ಕೆಲಸ ಹೈಟೆಕ್ ಸಿಟಿಯಲ್ಲಿ, ಮನೆ ಕೂಕಟ್‌ಪಲ್ಲಿಯಲ್ಲಿ. ಕೆಪಿಎಚ್‌ಬಿ ಕಾಲೊನಿ, ಮೂರನೇ ಮಹಡಿ, ಬಾಡಿಗೆ ಫ್ಲ್ಯಾಟ್. ಇದನ್ನು ನೋಡ್ತಾ ಇರೋರಲ್ಲಿ ಅರ್ಧ ಜನರ ವಿಳಾಸ ಹೆಚ್ಚುಕಡಿಮೆ ಹೀಗೇ ಇರಬಹುದು, ಊರಿನ ಹೆಸರು ಮಾತ್ರ ಬೇರೆ.

ಇವತ್ತು ನಾನು ಮಾತಾಡ್ಲಿಕ್ಕೆ ಬಂದದ್ದು ಒಂದು ಮೀನಿನ ಬಗ್ಗೆ. ತೂಕ ಹಾಕಿದರೆ ಒಂದು ಬಂಗುಡೆಯ ತಲೆಯಷ್ಟೂ ಬರಲಿಕ್ಕಿಲ್ಲ. ಅಂಥದ್ದೊಂದು ಮೀನು ನಮ್ಮ ಮನೆಯಲ್ಲಿ ಸತ್ತುಹೋಯಿತು. ಅದು ಯಾಕೆ ಸತ್ತಿತು ಅಂತ ನಮ್ಮ ಅಪ್ಪಯ್ಯ ಒಂದು ಪ್ರಶ್ನೆ ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದಾಗ ನನಗೆ ತಿಳಿದದ್ದನ್ನು ಹೇಳ್ತೇನೆ. ಸಮುದ್ರದ ಮೀನು ಸಾಕಬೇಕು ಅಂತ ಆಸೆ ಇರೋರಿಗೆ ಉಪಯೋಗ ಆದೀತು. ಸಾಕೋದು ಬೇಡ ಅಂತ ನಿಮಗೆ ಅನ್ನಿಸಿದರೆ ಅದೂ ಒಳ್ಳೆಯದೇ.

ಶುರುವಾದದ್ದು ಹೇಗೆ

ಕೂಕಟ್‌ಪಲ್ಲಿಯಿಂದ ಯಾವ ದಿಕ್ಕಿಗೆ ಕಾರು ಓಡಿಸಿದರೂ ಸಮುದ್ರ ನೋಡಬೇಕಾದರೆ ರಸ್ತೆಯಲ್ಲಿ 300 ಕಿಲೋಮೀಟರ್ ದಾಟಬೇಕು. ಹುಟ್ಟಿದಾಗಿನಿಂದ ಸಮುದ್ರದ ಸದ್ದು ಕೇಳಿ ಮಲಗಿದವನಿಗೆ ಇಲ್ಲಿ ರಾತ್ರಿ ಕೇಳೋದು ಬೋರ್‌ವೆಲ್ ಮೋಟರಿನ ಸದ್ದು. ವರ್ಕ್ ಫ್ರಮ್ ಹೋಮ್ ಕಾಲದಲ್ಲಿ ಅದು ಸ್ವಲ್ಪ ಜಾಸ್ತಿಯೇ ಕೇಳಲಿಕ್ಕೆ ಶುರುವಾಯಿತು. ಆಗ ತಲೆಗೆ ಬಂದದ್ದು ಈ ಯೋಚನೆ: ಸಮುದ್ರದ ಹತ್ತಿರ ನಾನು ಹೋಗ್ಲಿಕ್ಕೆ ಆಗದಿದ್ದರೆ ಒಂದು ತುಂಡು ಸಮುದ್ರವನ್ನೇ ಹಾಲ್‌ಗೆ ತಂದರೆ ಹೇಗೆ?

ಎರಡಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಗಾಜಿನ ಟ್ಯಾಂಕ್ ತಂದೆ. ತುಂಬಿದರೆ ಸುಮಾರು 90 ಲೀಟರ್. ಮೇಲೆ ಸ್ವಲ್ಪ ಜಾಗ ಬಿಟ್ಟು, ಕಲ್ಲು ಮರಳು ಹಾಕಿದರೆ ನೀರು ಇನ್ನೂ ಕಡಿಮೆ. ಲೆಕ್ಕಕ್ಕೆ 80 ಲೀಟರ್ ಅಂತಿಟ್ಟುಕೊಳ್ಳಿ. ಸ್ಟ್ಯಾಂಡ್, ಕಲ್ಲು, ನೀರು ಎಲ್ಲ ಸೇರಿ ನೂರು ಕಿಲೋ ಮೀರುತ್ತದೆ. ಬಾಡಿಗೆ ಮನೆಯವರು ಇದನ್ನು ಮೊದಲೇ ಯೋಚಿಸಿ, ಮನೆ ಬದಲಿಸೋ ದಿನ ಇದನ್ನು ಸೂಟ್‌ಕೇಸಿಗೆ ಹಾಕ್ಲಿಕ್ಕೆ ಆಗೋದಿಲ್ಲ.

ನಮ್ಮ ಅಮ್ಮ ಫೋನಿನಲ್ಲಿ ಕೇಳಿದರು, "ಉಪ್ಪು ನೀರ್ ಅಲ್ದಾ, ಅಡುಗೆ ಉಪ್ಪು ಹಾಕ್ರೆ ಆಯ್ತಲ್ದಾ?" ಬಹಳ ಜನ ಇದನ್ನೇ ಕೇಳ್ತಾರೆ. ಅಡುಗೆ ಉಪ್ಪು ಅಂದರೆ ಬರೀ ಸೋಡಿಯಂ ಕ್ಲೋರೈಡ್, ಜೊತೆಗೆ ಸ್ವಲ್ಪ ಅಯೋಡಿನ್. ಸಮುದ್ರದ ನೀರಿನಲ್ಲಿ ಅದರ ಜೊತೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್, ಬೈಕಾರ್ಬೊನೇಟ್ ಎಲ್ಲ ಒಂದು ಅಳತೆಯಲ್ಲಿ ಇರುತ್ತವೆ. ಅದಕ್ಕೆ ಅಕ್ವೇರಿಯಂಗೆ ಅಂತಲೇ ತಯಾರಿಸಿದ ಉಪ್ಪು ಬೇಕು. ಲೀಟರಿಗೆ ಸುಮಾರು 35 ಗ್ರಾಂ. 80 ಲೀಟರಿಗೆ 2.8 ಕಿಲೋ. ಆಮೇಲೆ ವಾರಕ್ಕೆ ಹತ್ತು ಪರ್ಸೆಂಟ್ ನೀರು ಬದಲಿಸಬೇಕು. ಅಂದರೆ ಎಂಟು ಲೀಟರ್, 280 ಗ್ರಾಂ ಉಪ್ಪು.

ಇನ್ನು ನೀರು. ನಮ್ಮ ಅಪಾರ್ಟ್‌ಮೆಂಟಿಗೆ ಒಂದು ದಿನ ಮುನಿಸಿಪಲ್ ನೀರು, ಒಂದು ದಿನ ಬೋರ್, ಏಪ್ರಿಲ್ ಬಂತೆಂದರೆ ಟ್ಯಾಂಕರ್. ಬಕೆಟ್ಟಿನ ತಳದಲ್ಲಿ ಬಿಳಿ ಪೊರೆ ಕಟ್ಟೋ ನೀರು. ಅದಕ್ಕೆ ಉಪ್ಪು ಹಾಕಿದರೆ ಒಳಗೆ ಏನೇನು ಎಷ್ಟಿದೆ ಅಂತ ಯಾರಿಗೂ ಗೊತ್ತಿರೋದಿಲ್ಲ. ಹಾಗಾಗಿ ಆರ್‌ಒ ನೀರು ಬೇಕು. ಅಡುಗೆಮನೆಯ ಆರ್‌ಒ ಮಷೀನುಗಳಲ್ಲಿ ಕೆಲವು ರುಚಿಗೆ ಅಂತ ಖನಿಜ ವಾಪಸ್ ಸೇರಿಸ್ತಾವೆ, ಅದು ಇಲ್ಲಿ ಬೇಡ. ಟಿಡಿಎಸ್ ಮೀಟರ್ ಹಾಕಿದರೆ ಸೊನ್ನೆಗೆ ಹತ್ತಿರ ಇರಬೇಕು.

ಇನ್ನೊಂದು ವಿಷಯ, ಕರಾವಳಿಯವರಿಗೆ ಬೇಗ ಅರ್ಥವಾಗುತ್ತದೆ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಗದ್ದೆ ನೋಡಿದ್ದೀರಲ್ಲ? ಬಿಸಿಲಿಗೆ ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ನಮ್ಮ ಟ್ಯಾಂಕಿನಲ್ಲೂ ಅದೇ ಕಥೆ. ದಿನಾ ನೀರು ಆರಿ ಕಡಿಮೆಯಾದಾಗ ಉಪ್ಪುನೀರು ತುಂಬಿಸಿದರೆ ಒಳಗೆ ಉಪ್ಪು ಏರ್ತಾ ಹೋಗುತ್ತದೆ. ಆರಿದ ನೀರಿಗೆ ಬದಲು ಬರೀ ಸಿಹಿನೀರು ಹಾಕಬೇಕು. ಉಪ್ಪುನೀರು ಹಾಕೋದು ಹಳೆ ನೀರು ತೆಗೆದು ಬದಲಿಸುವಾಗ ಮಾತ್ರ. ಹೊಸಬರು ಎಡವೋ ಮೊದಲ ಕಲ್ಲು ಇದು.

ಹೆಪ್ಪು ಹಾಕಿ ಕಾಯೋದು

ನೀರು ತುಂಬಿದ ಮಾರನೇ ದಿನ ಮೀನು ಬಿಡೋ ಹಾಗಿಲ್ಲ. ಮೀನು ಉಸಿರಾಡುವಾಗ ಕಿವಿರಿನಿಂದಲೇ ಅಮೋನಿಯಾ ಬಿಡುತ್ತದೆ. ಸಮುದ್ರದಲ್ಲಿ ಅದು ಲೆಕ್ಕಕ್ಕೇ ಇಲ್ಲ. 80 ಲೀಟರಿನಲ್ಲಿ ಅದು ವಿಷ. ಸಿಹಿನೀರಿಗಿಂತ ಇಲ್ಲಿ ಅಪಾಯ ಜಾಸ್ತಿ, ಯಾಕೆಂದರೆ ಸಮುದ್ರದ ನೀರಿನ ಪಿಎಚ್ 8ಕ್ಕಿಂತ ಮೇಲಿರುತ್ತದೆ, ಪಿಎಚ್ ಏರಿದಷ್ಟೂ ಅಮೋನಿಯಾ ಹೆಚ್ಚು ವಿಷಕಾರಿ ರೂಪಕ್ಕೆ ತಿರುಗುತ್ತದೆ.

ಇದಕ್ಕೆ ಪರಿಹಾರ ಬ್ಯಾಕ್ಟೀರಿಯಾ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡ್ತಾವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡ್ತಾವೆ. ನೈಟ್ರೇಟ್ ಅಷ್ಟು ಅಪಾಯ ಅಲ್ಲ, ವಾರದ ನೀರು ಬದಲಾವಣೆಯಲ್ಲಿ ಹೋಗುತ್ತದೆ. ಈ ಬ್ಯಾಕ್ಟೀರಿಯಾ ಕಲ್ಲಿನ ಮೇಲೆ, ಮರಳಿನಲ್ಲಿ, ಫಿಲ್ಟರಿನಲ್ಲಿ ಮನೆ ಮಾಡಿಕೊಳ್ಳಲಿಕ್ಕೆ ನಾಲ್ಕರಿಂದ ಆರು ವಾರ ಬೇಕು. ಹಾಲಿಗೆ ಹೆಪ್ಪು ಹಾಕಿ ಬಿಟ್ಟ ಹಾಗೆ. ಮಧ್ಯೆ ಮಧ್ಯೆ ಅಲ್ಲಾಡಿಸಿ ನೋಡಿದರೆ ಮೊಸರು ಬೇಗ ಆಗೋದಿಲ್ಲ. ಖಾಲಿ ಟ್ಯಾಂಕಿಗೆ ಚಿಟಿಕೆ ಮೀನಿನ ಆಹಾರ ಹಾಕ್ತಾ, ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಏರಿ ಇಳಿಯೋದನ್ನು, ಆಮೇಲೆ ನೈಟ್ರೈಟ್ ಏರಿ ಇಳಿಯೋದನ್ನು ನೋಡಬೇಕು. ಎರಡೂ ಸೊನ್ನೆಯಾದ ಮೇಲೆ ಮೀನು.

ಇಷ್ಟನ್ನು ನಾನು ಸರಿಯಾಗಿಯೇ ಮಾಡಿದೆ. ಮೂವತ್ತೆಂಟು ದಿನ ಕಾದೆ. ಬರೀ ಕಲ್ಲು ನೋಡ್ಲಿಕ್ಕೆ ಲೈಟ್ ಯಾಕೆ ಹಾಕ್ತೀಯಾ ಅಂತ ಮಗಳು ಕೇಳ್ತಿದ್ದಳು. ಅವಳಿಗೆ ಆಗ ಎಂಟು ವರ್ಷ.

ಸಾಧು ಮೀನು

ಮೂವತ್ತೊಂಬತ್ತನೇ ದಿನ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಒಂದು ಮೀನು ತೋರಿಸಿ, "ಬಹುತ್ ಪೀಸ್‌ಫುಲ್ ಹೈ ಸಾರ್" ಅಂದ. ಫೈರ್‌ಫಿಶ್. ವಿಜ್ಞಾನಿಗಳು ಇಟ್ಟ ಹೆಸರು ನೆಮಟೀಲಿಯೋಟ್ರಿಸ್ ಮ್ಯಾಗ್ನಿಫಿಕಾ. ಬೆಳೆದರೂ ಎಂಟೊಂಬತ್ತು ಸೆಂಟಿಮೀಟರ್. ಮುಂಭಾಗ ಹಾಲಿನ ಬಿಳಿ, ಹಿಂದೆ ಹೋಗ್ತಾ ಹೋಗ್ತಾ ಕೆಂಪು, ಬಾಲದ ಹತ್ತಿರ ಕೆಂಡ ಆರಿದ ಹಾಗೆ ಕಪ್ಪು. ಬೆನ್ನಿನ ಮೇಲೆ ಕಡ್ಡಿಯಷ್ಟು ಉದ್ದದ ಒಂದು ರೆಕ್ಕೆ, ಅದನ್ನು ಆಗಾಗ ಮೇಲೆ ಕೆಳಗೆ ಆಡಿಸ್ತಾ ಇರುತ್ತದೆ. ಒಂದೇ ಜಾಗದಲ್ಲಿ ತೇಲ್ತಾ, ಹರಿದು ಬರೋ ಸಣ್ಣ ಸಣ್ಣ ಜೀವಿಗಳನ್ನು ತಿನ್ನೋ ಮೀನು. ಬೇರೆ ಜಾತಿಯ ಮೀನಿನ ತಂಟೆಗೆ ಹೋಗೋದಿಲ್ಲ. ಹೆದರಿಕೆ ಆದರೆ ಕಣ್ಣು ಮಿಟುಕಿಸೋದ್ರೊಳಗೆ ಕಲ್ಲಿನ ಬಿಲಕ್ಕೆ ಹೋಗಿಬಿಡುತ್ತದೆ.

ಮನೆಗೆ ತಂದು, ಚೀಲವನ್ನು ಟ್ಯಾಂಕಿನಲ್ಲಿ ತೇಲಿಸಿ ಬಿಸಿ ಸಮ ಮಾಡಿ, ಸಣ್ಣ ಪೈಪಿನಲ್ಲಿ ಹನಿ ಹನಿಯಾಗಿ ನಮ್ಮ ನೀರು ಸೇರಿಸಿ, ಒಂದು ಗಂಟೆ ಬಿಟ್ಟು ಒಳಗೆ ಬಿಟ್ಟೆ. ಎರಡು ದಿನ ಮುಖ ತೋರಿಸಲಿಲ್ಲ. ಮೂರನೇ ದಿನ ಹೊರಗೆ ಬಂದು ತಿಂದಿತು. ಮಗಳು ಅದಕ್ಕೆ "ದೀಪ" ಅಂತ ಹೆಸರಿಟ್ಟಳು.

ಎರಡು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ನನಗೆ ಟ್ಯಾಂಕ್ ಖಾಲಿ ಖಾಲಿ ಅನ್ನಿಸ್ಲಿಕ್ಕೆ ಶುರುವಾಯಿತು. ಅಂಗಡಿಗೆ ಹೋಗಿ ಕಪ್ಪು ಬಿಳಿ ಪಟ್ಟೆಯ ಒಂದು ಡ್ಯಾಮ್ಸೆಲ್ ತಂದೆ. ಕಡಿಮೆ ಬೆಲೆ, ಗಟ್ಟಿ ಜೀವ, ದೀಪನಿಗಿಂತಲೂ ಗಿಡ್ಡ. ಇಷ್ಟು ಸಣ್ಣದು ಏನು ಮಾಡೀತು ಅಂದುಕೊಂಡೆ.

ಒಂದೇ ವಾರದಲ್ಲಿ ಇಡೀ ಎರಡಡಿ ತನ್ನದು ಅಂತ ಡ್ಯಾಮ್ಸೆಲ್ ತೀರ್ಮಾನ ಮಾಡಿತ್ತು. ದೀಪ ಒಂದು ಮೂಲೆಯಲ್ಲಿ, ನೀರಿನ ಮೇಲ್ಭಾಗದಲ್ಲೇ ನಿಲ್ತಿತ್ತು. ಅದನ್ನು ನೋಡಿ ನಾನು "ಹೊಂದಿಕೊಳ್ತಾವೆ ಬಿಡು" ಅಂದೆ. ಆ ಮಾತು ಈಗಲೂ ನೆನಪಿದೆ.

ಆ ಸಮಯಕ್ಕೆ ಊರಿನಿಂದ ಅಪ್ಪಯ್ಯ ಬಂದಿದ್ದರು. ಅಪ್ಪಯ್ಯ ಮೂವತ್ತು ವರ್ಷ ಬೋಟಿನಲ್ಲಿ ದುಡಿದವರು. ಮೊದಲ ದಿನ ಟ್ಯಾಂಕಿನ ಮುಂದೆ ಕುರ್ಚಿ ಎಳೆದು ಕೂತು, ಫಿಲ್ಟರು, ಪಂಪು, ಲೈಟು, ಟೆಸ್ಟ್ ಕಿಟ್ಟು ಎಲ್ಲ ನೋಡಿ, "ಇಷ್ಟ್ ಸಣ್ಣ್ ಮೀನಿಗೆ ಇಷ್ಟೆಲ್ಲ ಎಂತಕ್ಕೆ ಮಾರಾಯಾ?" ಅಂದಿದ್ದರು. ನಾನು ನಕ್ಕಿದ್ದೆ.

ಒಂದು ಮಂಗಳವಾರ ಬೆಳಗ್ಗೆ ಒಂಬತ್ತೂವರೆ ಸ್ಟ್ಯಾಂಡ್‌ಅಪ್‌ಗೆ ಮುಂಚೆ ಆಹಾರ ಹಾಕ್ಲಿಕ್ಕೆ ಹೋದರೆ ದೀಪ ಕಾಣಲಿಲ್ಲ. ಬಿಲದಲ್ಲಿರಬಹುದು ಅಂದುಕೊಂಡೆ. ಸ್ಟ್ಯಾಂಡಿನ ಹಿಂದೆ, ಗೋಡೆಯ ಬದಿ ಬಗ್ಗಿ ನೋಡಿದವರು ಅಪ್ಪಯ್ಯ. ಅಲ್ಲಿತ್ತು. ಒಣಗಿಹೋಗಿತ್ತು. ರಾತ್ರಿ ಯಾವಾಗಲೋ ಹಾರಿದೆ.

ಅಪ್ಪಯ್ಯ ಅದನ್ನು ಅಂಗೈಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರು. ಟನ್ನುಗಟ್ಟಲೆ ಬಂಗುಡೆ, ಬೂತಾಯಿ ಎಳೆದ ಕೈ. ಬೈಯಲಿಲ್ಲ. ಇಷ್ಟೇ ಕೇಳಿದರು: "ನಾವ್ ಹಿಡ್ದದ್ ತಿಂಬುಕೆ. ಇದ್ ಎಂತಕ್ ಸತ್ತದ್?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಯಾಮೆರಾ ಆಫ್ ಮಾಡಿ ಸ್ಟ್ಯಾಂಡ್‌ಅಪ್ ಮುಗಿಸಿದೆ. ಮಗಳು ಶಾಲೆಯಿಂದ ಬರೋ ಮುಂಚೆ ಹೇಗೆ ಹೇಳೋದು ಅಂತ ಯೋಚಿಸ್ತಾ ಕೂತೆ.

ಐದು ಯಾಕೆ

ನಮ್ಮ ಕೆಲಸದಲ್ಲಿ ಪ್ರೊಡಕ್ಷನ್ ಬಿದ್ದರೆ ಏನು ಮಾಡ್ತೇವೆ? ಆರ್‌ಸಿಎ ಬರೀತೇವೆ. ಯಾಕೆ ಆಯಿತು, ಅದು ಯಾಕೆ, ಅದಕ್ಕೂ ಹಿಂದೆ ಯಾಕೆ ಅಂತ ಐದು ಸಲ ಕೇಳ್ತೇವೆ. ಗಿರಾಕಿಯ ಸರ್ವರ್ ಹತ್ತು ನಿಮಿಷ ನಿಂತರೆ ಅಷ್ಟು ಬರೆಯೋನು ಒಂದು ಜೀವ ಹೋದದ್ದಕ್ಕೆ ಬರೀಬೇಡವಾ? ಅವತ್ತು ರಾತ್ರಿ ಕೂತು ಬರೆದೆ.

ಯಾಕೆ ಸತ್ತಿತು? ನೀರಿನಿಂದ ಹೊರಗೆ ಬಿತ್ತು.

ಯಾಕೆ ಬಿತ್ತು? ಟ್ಯಾಂಕಿಗೆ ಮುಚ್ಚಳ ಇರಲಿಲ್ಲ. ಮುಚ್ಚಳ ಇಲ್ಲದಿದ್ದರೆ ನೋಡ್ಲಿಕ್ಕೆ ಚಂದ ಅಂತ ನಾನೇ ಹಾಕಿರಲಿಲ್ಲ. ಫೈರ್‌ಫಿಶ್ ಹಾರೋ ಮೀನು ಅಂತ ಸಾಕಿದವರೆಲ್ಲರಿಗೂ ಗೊತ್ತು. ಪೈಪು ಹೋಗೋ ಬೆರಳಗಲದ ಸಂದಿಯಲ್ಲೂ ಹಾರಿಹೋಗುತ್ತದೆ.

ಯಾಕೆ ಹಾರಿತು? ಡ್ಯಾಮ್ಸೆಲ್ ಅಟ್ಟಿಸ್ತಿತ್ತು. ದಿನಗಟ್ಟಲೆ ಮೇಲ್ಭಾಗದ ಮೂಲೆಯಲ್ಲಿ ನಿಂತ ಮೀನು ನಮಗೆ ಅಲರ್ಟ್ ಕಳಿಸ್ತಾ ಇತ್ತು. ನಾನು ನೋಡಿಯೂ ಮ್ಯೂಟ್ ಮಾಡಿದೆ.

ಯಾಕೆ ಬಿಲಕ್ಕೆ ಹೋಗಲಿಲ್ಲ? ಸರಿಯಾದ ಬಿಲವೇ ಇರಲಿಲ್ಲ. ಕಲ್ಲುಗಳನ್ನು ಫೋಟೋದಲ್ಲಿ ಬೆಟ್ಟದ ಹಾಗೆ ಕಾಣಲಿ ಅಂತ ಜೋಡಿಸಿದ್ದೆ. ಇದ್ದ ಒಂದು ಸಂದಿಯನ್ನು ಡ್ಯಾಮ್ಸೆಲ್ ಹಿಡಿದುಕೊಂಡಿತ್ತು.

ಇದೆಲ್ಲ ಯಾಕೆ ಹೀಗಾಯಿತು? ಟ್ಯಾಂಕನ್ನು ನಾನು ನನ್ನ ಕಣ್ಣಿಗೆ ಅಂತ ಕಟ್ಟಿದ್ದೆ, ಮೀನಿಗೆ ಅಂತ ಕಟ್ಟಿರಲಿಲ್ಲ.

"ಪೀಸ್‌ಫುಲ್" ಅಂದರೆ ಏನು ಅಂತ ನನಗೆ ಆಗ ಅರ್ಥವಾಯಿತು. ಅಂಗಡಿಯಲ್ಲಿ ಆ ಪದ ಕೇಳಿದಾಗ ನಾವು ಅಂದುಕೊಳ್ಳೋದು ಇದರಿಂದ ನಮಗೆ ತೊಂದರೆ ಇಲ್ಲ ಅಂತ. ಅದರ ನಿಜವಾದ ಅರ್ಥ ಬೇರೆ: ಇದು ತನ್ನನ್ನು ತಾನು ಕಾಪಾಡಿಕೊಳ್ಳೋದಿಲ್ಲ, ಇದರ ಪರವಾಗಿ ನೀವು ಯೋಚನೆ ಮಾಡಬೇಕು. ಸಾಧು ಮೀನಿಗೆ ಸಾಧು ನೆರೆಹೊರೆ ಬೇಕು, ಓಡಿಹೋಗಲಿಕ್ಕೆ ಬಿಲ ಬೇಕು, ಮೇಲೆ ಮುಚ್ಚಳ ಬೇಕು. ಗಲಾಟೆ ಮಾಡದೆ ಇರೋರ ಕಷ್ಟ ಯಾರ ಡ್ಯಾಶ್‌ಬೋರ್ಡಿನಲ್ಲೂ ಬರೋದಿಲ್ಲ ಅನ್ನೋದು ನಮ್ಮ ಟೀಮುಗಳಲ್ಲೂ ನಾವು ಕಂಡದ್ದೇ.

ಮಾರನೇ ದಿನ ಡ್ಯಾಮ್ಸೆಲ್ಲನ್ನು ಅಂಗಡಿಗೆ ವಾಪಸ್ ಕೊಟ್ಟೆ. ಅಪ್ಪಯ್ಯ ತೋಳು ಮಡಚಿಕೊಂಡು ಕಲ್ಲುಗಳನ್ನು ಮತ್ತೆ ಜೋಡಿಸಿದರು. "ಮೀನಿಗೆ ಎರಡ್ ಬಾಗ್ಲ್ ಇಪ್ಪು ಬಿಲ ಬೇಕ್" ಅಂತ ಹೇಳಿ, ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಗೆ ಬರೋ ಹಾಗೆ ಸಂದಿ ಬಿಟ್ಟರು. ಆಮೇಲೆ ಮೂಸಾಪೇಟೆಗೆ ಹೋಗಿ ಕಿಟಕಿಯ ಸೊಳ್ಳೆಪರದೆಗೆ ಹಾಕೋ ಅಲ್ಯೂಮಿನಿಯಂ ಪಟ್ಟಿ, ಸಣ್ಣ ಕಣ್ಣಿನ ನೈಲಾನ್ ಬಲೆ ತಂದೆವು. ಅಪ್ಪಯ್ಯ ಅಳತೆಗೆ ಕತ್ತರಿಸಿ, ಪೈಪು ಹೋಗೋ ಕಡೆ ಕೂಡ ಸಂದಿ ಬಿಡದ ಹಾಗೆ ಬಿಗಿದು ಕಟ್ಟಿದರು. ಗಾಜಿನ ಮುಚ್ಚಳಕ್ಕಿಂತ ಬಲೆಯೇ ಒಳ್ಳೆಯದು, ಗಾಳಿ ಆಡುತ್ತದೆ, ಬಿಸಿ ಕೂರೋದಿಲ್ಲ. ಜೀವಮಾನವೆಲ್ಲ ಬಲೆ ಕಟ್ಟಿದ್ದೇನೆ, ಮೀನು ಉಳಿಸ್ಲಿಕ್ಕೆ ಕಟ್ಟಿದ್ದು ಇದೇ ಮೊದಲು ಅಂತ ನಕ್ಕರು.

ಮಗಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ನಿನ್ನ ತಪ್ಪಾ ಅಪ್ಪಾ?" ಅಂದಳು. ಹೌದು ಅಂದೆ.

ಆರನೇ ಯಾಕೆ: ಇದು ಬಂದದ್ದು ಎಲ್ಲಿಂದ

ಆರ್‌ಸಿಎ ಅಲ್ಲಿಗೆ ಮುಗಿಯಬೇಕಿತ್ತು. ಅಪ್ಪಯ್ಯನ ಪ್ರಶ್ನೆ ಮುಗಿದಿರಲಿಲ್ಲ. ಅವರು ಇನ್ನೊಂದು ಕೇಳಿದರು, ಇದನ್ನು ಯಾವ ಕಡಲಲ್ಲಿ ಹಿಡಿದದ್ದು, ಹೇಗೆ ಹಿಡಿದದ್ದು ಅಂತ. ಬೋಟಿನವರಿಗೆ ಮೊದಲು ಬರೋ ಪ್ರಶ್ನೆ ಅದೇ. ನನಗೆ ಹೊಳೆದೇ ಇರಲಿಲ್ಲ.

ಓದಲಿಕ್ಕೆ ಕೂತೆ. ಸಿಹಿನೀರಿನ ಅಕ್ವೇರಿಯಂ ಮೀನುಗಳು, ಅಂದರೆ ಗಪ್ಪಿ, ಮಾಲಿ, ಗೋಲ್ಡ್‌ಫಿಶ್, ಇವೆಲ್ಲ ಹೆಚ್ಚಾಗಿ ತೊಟ್ಟಿಯಲ್ಲಿ ಬೆಳೆಸಿದವು. ಸಮುದ್ರದ ಅಕ್ವೇರಿಯಂ ಮೀನುಗಳ ಕಥೆ ಉಲ್ಟಾ. ಬಹುಪಾಲು ಹವಳದ ದಿಬ್ಬಗಳಿಂದ ಹಿಡಿದು ತಂದವು. ಫೈರ್‌ಫಿಶ್ ಕೂಡ ಹಾಗೇ, ಸಾಮಾನ್ಯವಾಗಿ ಸಮುದ್ರದಿಂದಲೇ ಬರುತ್ತದೆ. ಫಿಲಿಪ್ಪೀನ್ಸ್‌ನಲ್ಲಿ 1960ರ ದಶಕದಿಂದ, ಆಮೇಲೆ ಇಂಡೊನೇಷ್ಯಾದಲ್ಲಿ, ಸೈನೈಡ್ ನೀರು ಚಿಮುಕಿಸಿ ಮೀನಿಗೆ ಅಮಲು ಬರಿಸಿ ಹಿಡಿಯೋ ಪದ್ಧತಿ ಹಬ್ಬಿತು. ಮೀನು ಆಮೇಲೆ ಸಾಯಬಹುದು, ಸುತ್ತಲಿನ ಹವಳ ಅಂತೂ ಸಾಯುತ್ತದೆ. ಬಾಂಗಾಯ್ ಕಾರ್ಡಿನಲ್ ಅಂತ ಇನ್ನೊಂದು ಸಾಧು ಮೀನುಂಟು, ಗಂಡು ಮೀನು ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಪಾಡುತ್ತದೆ. ಮೂಲದಲ್ಲಿ ಇಂಡೊನೇಷ್ಯಾದ ಬಾಂಗಾಯ್ ದ್ವೀಪಗಳ ಸುತ್ತ ಮಾತ್ರ ಇದ್ದದ್ದು. ಅಕ್ವೇರಿಯಂ ವ್ಯಾಪಾರಕ್ಕೆ ಎಷ್ಟು ಹಿಡಿದರು ಅಂದರೆ 2007ರಲ್ಲಿ ಅದನ್ನು ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿಸಬೇಕಾಯಿತು.

ನಮ್ಮ ಪೈಕಿ ಕೆಲವರು ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಡೈವ್ ಮಾಡಿ ಬಂದಿರ್ತೀರಿ. ಅಲ್ಲಿ ನೀರಿನಡಿ ಹವಳ ನೋಡಿ, ಒಂದು ತುಂಡು ಮನೆಯ ಟ್ಯಾಂಕಿಗೆ ತಂದರೆ ಅಂತ ಆಸೆ ಆಗಬಹುದು. ಮಾಡಬೇಡಿ. 2001ರಲ್ಲಿ ನಮ್ಮ ಹವಳಗಳನ್ನೂ ಕಡಲ್ಗುದುರೆಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿಸಿದರು. ಅಂದರೆ ಕಾನೂನಿನ ಕಣ್ಣಿಗೆ ಹವಳದ ತುಂಡೂ ಹುಲಿಯೂ ಒಂದೇ ಪಟ್ಟಿ. ಸಮುದ್ರದಿಂದ ಎತ್ತಿದ "ಲೈವ್ ರಾಕ್" ಅಂತ ಯಾರಾದರೂ ಮಾರಿದರೂ ಬೇಡ ಅನ್ನಿ. ಸೆರಾಮಿಕ್ ಕಲ್ಲು ಸಾಕು, ನಿಮ್ಮ ಬ್ಯಾಕ್ಟೀರಿಯಾಕ್ಕೆ ವಿಳಾಸ ಎಲ್ಲಿದ್ದರೂ ಒಂದೇ.

ಒಳ್ಳೆ ಸುದ್ದಿ ಕೂಡ ಉಂಟು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಸಿಎಂಎಫ್‌ಆರ್‌ಐ ಅಂತಾರಲ್ಲ, 1947ರಲ್ಲಿ ಶುರುವಾದದ್ದು, ಕೇಂದ್ರ ಕಚೇರಿ ಕೊಚ್ಚಿಯಲ್ಲಿ, ಮಂಗಳೂರು ಕಾರವಾರದಲ್ಲೂ ಕೇಂದ್ರಗಳಿವೆ. ಅವರ ವಿಜ್ಞಾನಿಗಳು ಕ್ಲೌನ್‌ಫಿಶ್ ಜಾತಿಯ ಮೀನುಗಳನ್ನು ಹ್ಯಾಚರಿಯಲ್ಲೇ ಮರಿ ಮಾಡಿಸೋ ವಿಧಾನವನ್ನು ನಮ್ಮ ದೇಶದಲ್ಲೇ ರೂಢಿಗೆ ತಂದರು. ಕ್ಲೌನ್‌ಫಿಶ್ ಅಂದರೆ ಆ ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆ, ಮಕ್ಕಳು ನೀಮೊ ಅಂತಾರೆ. ಹ್ಯಾಚರಿ ಕೆಲಸ ಕೇಳಿ: ಮೊದಲು ಸೂಕ್ಷ್ಮ ಪಾಚಿ ಬೆಳೆಸಬೇಕು. ಆ ಪಾಚಿ ತಿನ್ನಿಸಿ ರೋಟಿಫರ್ ಅನ್ನೋ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ ಬೆಳೆಸಬೇಕು. ಮೊಟ್ಟೆಯೊಡೆದ ಮೀನಿನ ಮರಿಗೆ ಆ ರೋಟಿಫರ್ ಊಟ. ಸ್ವಲ್ಪ ದೊಡ್ಡದಾದ ಮೇಲೆ ಆರ್ಟೀಮಿಯಾ ಅನ್ನೋ ಪುಟ್ಟ ಸಿಗಡಿಯಂಥ ಜೀವಿಯ ಮರಿ. ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ಮರಿಗಳು ಉಳಿಯೋದಿಲ್ಲ. ಇಷ್ಟು ಕಷ್ಟಪಟ್ಟು ಒಂದು ಮೀನು ತೊಟ್ಟಿಯಲ್ಲಿ ಬೆಳೆದರೆ ಸಮುದ್ರದಲ್ಲಿ ಒಂದು ಮೀನು ಉಳೀತು ಅಂತ ಲೆಕ್ಕ.

ಹಾಗಾಗಿ ಎರಡನೇ ಸಲ ಅಂಗಡಿಗೆ ಹೋದಾಗ ನಾನು ಕೇಳಿದ ಮೊದಲ ಪ್ರಶ್ನೆ ಬೆಲೆ ಅಲ್ಲ. "ಇದು ಹ್ಯಾಚರಿಯದ್ದಾ, ಹಿಡಿದು ತಂದದ್ದಾ?" ಒಂದು ಕಡೆ ಹುಡುಗ ನನ್ನ ಮುಖ ನೋಡಿದ. ಇನ್ನೊಂದು ಕಡೆ ಹಾರಿಕೆ ಉತ್ತರ. ಮೂರನೇ ಅಂಗಡಿಯವರು ಎಲ್ಲಿಂದ ಬಂದದ್ದು ಅಂತ ಬಿಲ್ಲು ತೋರಿಸಿ ಹೇಳಿದರು. ಅವರಲ್ಲಿ ಎರಡು ಪುಟ್ಟ ಆಸಿಲ್ಲಾರಿಸ್ ಕ್ಲೌನ್‌ಫಿಶ್ ತಗೊಂಡೆ. ಅಷ್ಟರಲ್ಲಿ ಟ್ಯಾಂಕ್ ಎರಡು ತಿಂಗಳು ಮೀನಿಲ್ಲದೆ ಇತ್ತು.

ಈಗ

ಆ ಎರಡು ಮೀನು ಬಂದು ಮೂರು ವರ್ಷ ದಾಟಿತು. ಕ್ಲೌನ್‌ಫಿಶ್ ಪೂರ್ತಿ ಸಾಧು ಅಂತ ನಾನು ಹೇಳೋದಿಲ್ಲ, ಬೆಳೆದ ಮೇಲೆ ತನ್ನ ಮೂಲೆಗೆ ಕೈ ಹಾಕಿದರೆ ಬೆರಳಿಗೆ ಕುಟ್ಟುತ್ತದೆ. ಆದರೆ ಇವು ಎರಡೇ ಇದ್ದರೆ ತಕರಾರಿಲ್ಲ. ಸಮುದ್ರದಲ್ಲಿ ಇವು ಅನಿಮೋನ್ ಅನ್ನೋ ಕುಟುಕೋ ಜೀವಿಯ ಆಸರೆಯಲ್ಲಿ ಇರ್ತಾವೆ. ಮನೆಯಲ್ಲಿ ಅದು ಬೇಕಾಗಿಲ್ಲ, ತರಲೂಬೇಡಿ. ಅನಿಮೋನ್ ಸಾಕೋದು ಮೀನು ಸಾಕೋದಕ್ಕಿಂತ ಕಷ್ಟ.

ಇವು ಹುಟ್ಟುವಾಗ ಹೆಣ್ಣೂ ಅಲ್ಲ, ಮೊದಲು ಗಂಡಾಗಿ ಬೆಳೀತಾವೆ. ಜೋಡಿಯಲ್ಲಿ ಮೇಲುಗೈ ಆದದ್ದು ಹೆಣ್ಣಾಗಿ ಬದಲಾಗುತ್ತದೆ, ಗಾತ್ರದಲ್ಲೂ ದೊಡ್ಡದು. ನಮ್ಮ ಮನೆಯಲ್ಲೂ ಹಾಗೇ ಆಯಿತು. ಇದನ್ನು ಕೇಳಿ ನನ್ನ ಹೆಂಡತಿ, "ಇದರಲ್ಲಿ ಹೊಸದೇನು?" ಅಂದಳು.

ಹೋದ ವರ್ಷ ಶ್ರಾವಣದಲ್ಲಿ ಹೂಕುಂಡದ ಒಡಕಿನ ಮೇಲೆ ಕಿತ್ತಳೆ ಬಣ್ಣದ ಮೊಟ್ಟೆ ಇಟ್ಟವು. ಗಂಡು ಮೀನು ಹಗಲೂ ರಾತ್ರಿ ರೆಕ್ಕೆಯಿಂದ ಗಾಳಿ ಬೀಸ್ತಾ ಕೂತಿತ್ತು. ದಿನ ಕಳೆದ ಹಾಗೆ ಮೊಟ್ಟೆಯೊಳಗೆ ಬೆಳ್ಳಿಯ ಚುಕ್ಕಿ ಕಂಡಿತು, ಅವು ಕಣ್ಣು. ಎಂಟನೇ ರಾತ್ರಿ ಲೈಟ್ ಆರಿಸಿದ ಮೇಲೆ ಮರಿಗಳು ಹೊರಗೆ ಬಂದವು. ಟಾರ್ಚ್ ಬೆಳಕಿಗೆ ಧೂಳಿನ ಹಾಗೆ ತೇಲ್ತಿದ್ದವು. ಅಪ್ಪಯ್ಯನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆವು. ನಮ್ಮ ಹತ್ತಿರ ರೋಟಿಫರ್ ಇರಲಿಲ್ಲ. ಬೆಳಗ್ಗೆ ಒಂದೂ ಇರಲಿಲ್ಲ. ಹ್ಯಾಚರಿಯವರ ಕೆಲಸ ಎಂಥದ್ದು ಅಂತ ಅವತ್ತು ಅರ್ಥವಾಯಿತು.

ದಿನದ ಕಷ್ಟಗಳನ್ನೂ ಹೇಳಿಬಿಡ್ತೇನೆ. ಒಂದು, ಬೇಸಿಗೆ. 25ರಿಂದ 27 ಡಿಗ್ರಿ ಇರಬೇಕಾದ ನೀರು ಮೇ ತಿಂಗಳಲ್ಲಿ ಇಲ್ಲಿ 31 ದಾಟುತ್ತದೆ. ಹೈದರಾಬಾದಿನದ್ದು ಒಣ ಬಿಸಿಲು, ಹಾಗಾಗಿ ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ನೀರು ಬೇಗ ಆರುತ್ತದೆ, ಬೆಳಗ್ಗೆ ಸಂಜೆ ಸಿಹಿನೀರು ಸೇರಿಸಬೇಕು. ಎರಡು, ಕರೆಂಟು. ಪಂಪು ನಿಂತರೆ ಆಮ್ಲಜನಕ ಇಳಿಯುತ್ತದೆ. ಇನ್ವರ್ಟರಿಗೆ ಮೊದಲು ಪಂಪಿನ ಪ್ಲಗ್ಗು, ಆಮೇಲೆ ವೈಫೈ. ಜೊತೆಗೆ ಬ್ಯಾಟರಿಯ ಗಾಳಿ ಪಂಪ್ ಒಂದು ಇರಲಿ. ವೈರು ಸಾಕೆಟ್ಟಿಗಿಂತ ಕೆಳಗೆ ಬಳುಕಿ ಬರೋ ಹಾಗಿರಲಿ, ಉಪ್ಪುನೀರು ವೈರಿನ ಮೇಲೆ ಇಳಿದು ಸಾಕೆಟ್ಟಿಗೆ ಸೇರಬಾರದು.

ಮೂರು, ಊರಿಗೆ ಹೋಗೋದು. ದಸರಾಕ್ಕೆ ಕಾಚಿಗುಡದಲ್ಲಿ ರೈಲು ಹತ್ತಿದರೆ ಬರೋದು ಹತ್ತು ದಿನ ಬಿಟ್ಟು. ಎದುರು ಮನೆಯ ಆಂಟಿಗೆ ಕೀಲಿ ಕೊಟ್ಟು ಹೋಗ್ತೇವೆ. ಮಾತ್ರೆ ಡಬ್ಬಿಯಲ್ಲಿ ಒಂದೊಂದು ದಿನದ ಆಹಾರ ಬೇರೆ ಬೇರೆ ಹಾಕಿ ಇಡ್ತೇನೆ, ಯಾಕೆಂದರೆ ಪ್ರೀತಿಯಿಂದ ಜಾಸ್ತಿ ಹಾಕಿದರೆ ನೀರು ಕೆಡುತ್ತದೆ. ರಾತ್ರಿ ಎಂಟಕ್ಕೆ ಅವರ ಮೆಸೇಜು ಬರುತ್ತದೆ, "ಮೀ ಚೇಪಲು ಬಾಗುನ್ನಾಯಿ". ನಿಮ್ಮ ಮೀನು ಚೆನ್ನಾಗಿವೆ ಅಂತ. ಹನ್ನೊಂದು ವರ್ಷದಲ್ಲಿ ಎಂಟು ವರ್ಷ ನಾವು ಲಿಫ್ಟಿನಲ್ಲಿ ಬರೀ ತಲೆ ಅಲ್ಲಾಡಿಸಿದ್ದೆವು. ಈಗ ಅವರ ಮನೆ ಪುಳಿಹೋರ ನಮ್ಮ ಮನೆಗೆ, ನಮ್ಮ ಮನೆ ನೀರುದೋಸೆ ಅವರ ಮನೆಗೆ.

ಯಾರು ಸಾಕಬಾರದು

ಕೊನೆಗೆ ನೇರವಾಗಿ ಹೇಳ್ತೇನೆ. ಮುಂದಿನ ವರ್ಷ ಆನ್‌ಸೈಟ್ ಹೋಗೋ ಸಾಧ್ಯತೆ ಇದ್ದರೆ ಸಾಕಬೇಡಿ. ಕ್ಲೌನ್‌ಫಿಶ್ ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ನನ್ನ ಮಗಳು ಕಾಲೇಜಿಗೆ ಹೋಗುವಾಗಲೂ ಇವು ಇಲ್ಲೇ ಇರಬಹುದು. ಆರು ವಾರ ಖಾಲಿ ನೀರು ನೋಡ್ತಾ ಕಾಯಲಿಕ್ಕೆ ಆಗದಿದ್ದರೆ ಸಾಕಬೇಡಿ. ಮಕ್ಕಳಿಗೆ ಬರ್ತ್‌ಡೇ ಗಿಫ್ಟ್ ಅಂತ ತರಬೇಡಿ. ವಾರದ ಒಂದು ಗಂಟೆ, ದಿನದ ಹತ್ತು ನಿಮಿಷ, ತಪ್ಪದೆ ಕೊಡ್ತೇನೆ ಅನ್ನೋರು ಮಾತ್ರ ಶುರು ಮಾಡಿ.

ಶುರು ಮಾಡೋದಾದರೆ ಮೊದಲು ಮೀನು ಆರಿಸಿ, ಆಮೇಲೆ ಅದಕ್ಕೆ ಬೇಕಾದ ಹಾಗೆ ಟ್ಯಾಂಕ್ ಕಟ್ಟಿ. ನಾನು ಮಾಡಿದ್ದು ಉಲ್ಟಾ. ಮುಚ್ಚಳ ಮೊದಲ ದಿನವೇ ಇರಲಿ. ಎರಡನೇ ಮೀನು ತರೋ ಮುಂಚೆ ಮೊದಲನೇ ಮೀನಿನ ಪರವಾಗಿ ಒಂದು ರಾತ್ರಿ ಯೋಚನೆ ಮಾಡಿ. ಅಂಗಡಿಯಲ್ಲಿ ಎಲ್ಲಿಂದ ಬಂದದ್ದು ಅಂತ ಕೇಳಿ. ಉತ್ತರ ಸಿಗದಿದ್ದರೆ ಬರಿಗೈಲಿ ವಾಪಸ್ ಬನ್ನಿ. ಹತ್ತು ಜನ ಕೇಳಿದರೆ ಅಂಗಡಿಯವರೂ ಉತ್ತರ ಇಟ್ಟುಕೊಳ್ತಾರೆ.

ಫೈರ್‌ಫಿಶ್ ಮತ್ತೆ ತಂದಿಲ್ಲ. ಈಗ ಬಿಲ ಉಂಟು, ಬಲೆ ಉಂಟು, ಆದರೆ ಎಲ್ಲಿಂದ ಬಂದದ್ದು ಅನ್ನೋದಕ್ಕೆ ನನಗೆ ಸಮಾಧಾನ ಆಗೋ ಉತ್ತರ ಯಾರೂ ಕೊಟ್ಟಿಲ್ಲ. ಅಪ್ಪಯ್ಯ ಮೊನ್ನೆ ಮತ್ತೆ ಬಂದಿದ್ದರು. ಟ್ಯಾಂಕಿನ ಮುಂದೆ ಕುರ್ಚಿ ಎಳೆದು ಕೂತು, ಬಲೆಯ ಒಂದು ಮೂಲೆ ಸಡಿಲಾದದ್ದನ್ನು ಬಿಚ್ಚಿ ಮತ್ತೆ ಬಿಗಿದು ಕಟ್ಟಿದರು. ಅವರ ಪ್ರಶ್ನೆಗೆ ನಾನು ಇವತ್ತಿಗೂ ಬಾಯಿಬಿಟ್ಟು ಉತ್ತರ ಹೇಳಿಲ್ಲ. ಅವರೂ ಮತ್ತೆ ಕೇಳಿಲ್ಲ. ಉತ್ತರ ಇಷ್ಟೇ: ಅದು ಸತ್ತದ್ದು ನನ್ನ ಅವಸರಕ್ಕೆ. ನಿಮ್ಮ ಮನೆಯಲ್ಲಿ ಆ ಕಾರಣಕ್ಕೆ ಒಂದು ಮೀನು ಸಾಯದಿದ್ದರೆ ನಾನು ಇಷ್ಟು ಹೊತ್ತು ಮಾತಾಡಿದ್ದು ಸಾರ್ಥಕ.